ವಂಡ್ಸೆಯಿಂದ ತಂದದ್ದು

"ಅದ್ರೊಳಗೆ ಅವ್ರದ್ದ್ ಎಂತದೂ ಇಲ್ಲೆ, ಅಲ್ದಾ?"

ವನಜಕ್ಕ ಇದನ್ನು ಕೇಳುತ್ತಿದ್ದುದು ಎರಡನೆಯ ಸಲ. ಹರಿಣಾಕ್ಷಿ ನೆಲದ ಮೇಲೆ ಕುಳಿತು, ಹಳೆಯ ಕಂಪ್ಯೂಟರಿನ ಬದಿಯ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಒಳಗೆ ಧೂಳಿನ ನಡುವೆ ಎರಡು ಹಸಿರು ಪಟ್ಟಿಗಳು ಅಕ್ಕಪಕ್ಕ ನಿಂತಿದ್ದವು. ಗಂಗೊಳ್ಳಿಯಿಂದ ಹೊರಟು, ಹೆಮ್ಮಾಡಿಯಲ್ಲಿ ಬಸ್ಸು ಬದಲಿಸಿ ಅವಳು ವಂಡ್ಸೆಗೆ ಬಂದದ್ದು ಆ ಪಟ್ಟಿಗಳಿಗಾಗಿ.

"ಇಲ್ಲೆ ಅಕ್ಕ. ಇದ್ ಬರೀ ರ್ಯಾಮ್. ಕರೆಂಟ್ ಹೋರೆ ಇದ್ರಲ್ ಎಂತದೂ ಉಳುದಿಲ್ಲೆ. ಅಣ್ಣ ಮಾತಾಡದ್ದೆಲ್ಲ ಬೇರೆ ಡಬ್ಬಿಯೊಳಗಿತ್ತ್. ಅದ್ನ ನಾ ಮುಟ್ಟುದಿಲ್ಲ."

"ಅದ್ ಇದ್ರೆ ಸಾಕ್," ಎಂದರು ವನಜಕ್ಕ.

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಈ ಪಟ್ಟಿಗಳಿಲ್ಲದೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ ಎಂಬ ಇನ್ನೊಂದು ಮಾತು ಉಳಿದಿತ್ತು. ಅದನ್ನು ವನಜಕ್ಕ ಕೇಳಿರಲಿಲ್ಲ.

"ಈಗ ಈ ಕಂಪ್ಯೂಟರ್ ಯಾರಾರೂ ಹಾಕ್ತ್ರಾ?" ಎಂದು ಹರಿಣಾಕ್ಷಿ ಕೇಳಿದಳು.

"ಯಾರ್ ಹಾಕುದ್? ನಂಗೆ ಬಟನ್ ಒತ್ತುಕೆ ಮಾತ್ರ ಗೊತ್ತ್."

ಆ ಉತ್ತರವನ್ನೇ ಹಿಡಿದುಕೊಂಡು ಅವಳು ಪಟ್ಟಿಗಳ ಎರಡೂ ತುದಿಯ ಕೊಕ್ಕೆಗಳನ್ನು ಹಿಂದಕ್ಕೆ ತಳ್ಳಿದಳು. ತಲೆಯ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ಗೋಡೆಯ ಮೊಳೆಯಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿದ ಮೈಕು ನೇತಾಡುತ್ತಿತ್ತು. ವನಜಕ್ಕನ ಗಂಡ ಮುತ್ತಣ್ಣ ರಿಕ್ಷಾಕ್ಕೆ ಧ್ವನಿವರ್ಧಕ ಕಟ್ಟಿ ಊರೂರಿಗೆ ಪ್ರಚಾರಕ್ಕೆ ಹೋಗುತ್ತಿದ್ದವರು. ವಾಲಿಬಾಲ್ ಪಂದ್ಯ, ರಕ್ತದಾನ ಶಿಬಿರ, ಯಕ್ಷಗಾನದ ಆಟ, ಏನೇ ಇದ್ದರೂ ಹೆಮ್ಮಾಡಿಯಿಂದ ಕೊಲ್ಲೂರಿನ ತನಕ ಅವರದೇ ದನಿ. ಮೊದಲೇ ಈ ಕೋಣೆಯಲ್ಲಿ ಕುಳಿತು ಹೇಳಿ, ಕಂಪ್ಯೂಟರಿನಲ್ಲಿ ತುಂಬಿಸಿಕೊಳ್ಳುತ್ತಿದ್ದರು. ತೀರಿಹೋಗಿ ಎರಡು ವರ್ಷವಾಗುತ್ತ ಬಂದಿತ್ತು.

ಹರಿಣಾಕ್ಷಿಗೆ ಬೇರೆ ದಾರಿ ಇರಲಿಲ್ಲ. ಮನೆಯಿಂದಲೇ ಒಂದು ಕಂಪನಿಗೆ ವಿಮೆಯ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಮುಂದಿನ ತಿಂಗಳಿಂದ ಹೊಸ ಸಾಫ್ಟ್‌ವೇರ್, ಎಂಟು ಜಿಬಿ ರ್ಯಾಮ್ ಇಲ್ಲದವರಿಗೆ ಕೆಲಸವಿಲ್ಲ ಎಂದು ಅವರು ತಿಳಿಸಿದ್ದರು. ಅವಳ ಕಂಪ್ಯೂಟರಿನಲ್ಲಿ ಎರಡೆರಡು ಜಿಬಿಯ ಎರಡು ಪಟ್ಟಿಗಳಿದ್ದವು. ಅವು ಕುಳಿತ ಜಾಗ ಬಿಟ್ಟರೆ ಮೂರನೆಯದಕ್ಕೆ ಜಾಗವಿಲ್ಲ. ಮಳೆಗಾಲದಲ್ಲಿ ಬೋಟುಗಳು ದಡ ಸೇರಿದರೆ ಗಂಡ ರತನ್‌ಗೆ ಎರಡು ತಿಂಗಳು ದುಡಿಮೆಯಿಲ್ಲ. ಅತ್ತೆ ಜಲಜ ಮಂಡಿನೋವಿನಿಂದ ಮೀನಿನ ಬುಟ್ಟಿ ಕೆಳಗಿಟ್ಟು ವರ್ಷವಾಗಿತ್ತು.

"ಹೊಸ ಕಂಪ್ಯೂಟರ್ ಬೇಡ ಅಂದ್ರೆ ಇದ್ಕೆ ಹಳೆ ನಮೂನಿ ರ್ಯಾಮೇ ಆಯ್ಕ್," ಎಂದಿದ್ದ ಕುಂದಾಪುರದ ರಿಪೇರಿ ಅಂಗಡಿಯ ಶೈಲೇಶ್. "ಅಂಗಡಿಯಂಗೆ ದುಡ್ಡ್ ಕೊಟ್ಟ್ ಕೊಂಬುದಾರೆ ನಿಮ್ಗ್ ಪೂರೈಸುದಿಲ್ಲ. ವಂಡ್ಸೆಯಂಗೆ ನಾನೇ ಜೋಡ್ಸಿ ಕೊಟ್ಟ ಒಂದ್ ಮಿಷಿನ್ ಸುಮ್ನೆ ಕೂತಿತ್ತ್. ನಾಕ್ ನಾಕ್ ಜಿಬಿದ್ ಎರ್ಡ್ ಇತ್ತ್. ಒಂದ್ಸಲ ಕೇಂಡ್ ಕಾಣಿ."

ಅತ್ತೆ ನಕ್ಕಿದ್ದರು. "ನಾ ಮೀನಿಲ್ದೆ ಊಟ ಮಾಡ್ತೆ. ನಿನ್ ಪೆಟ್ಗಿಗ್ ಮಾತ್ರ ಎಷ್ಟ್ ಹಾಕಿರೂ ಹೊಟ್ಟಿ ತುಂಬುದಿಲ್ಲೆ ಕಾಣ್."

ವಂಡ್ಸೆಯ ಪಟ್ಟಿಗಳು ಅವಳ ಕಂಪ್ಯೂಟರಿನಲ್ಲಿ ಸರಿಯಾಗಿ ಕುಳಿತವು. ಹೊಸ ಸಾಫ್ಟ್‌ವೇರ್ ತಕರಾರಿಲ್ಲದೆ ತೆರೆದುಕೊಂಡಿತು. ತನ್ನ ಹಳೆಯ ಎರಡನ್ನು ಅವಳು ಕಾಗದದಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಳು. ಕೆಲಸ ಉಳಿಯಿತು. ಆದರೂ ಮೊಬೈಲ್ ರಿಂಗಾದಾಗೆಲ್ಲ ಮೊದಲು ಹೆಸರು ನೋಡಿ, ಆಮೇಲೆ ಎತ್ತುತ್ತಿದ್ದಳು.

ಜೂನ್ ಮೊದಲ ವಾರದಲ್ಲಿ ಆ ಹೆಸರೇ ಬಂತು.

"ನಾ ವಂಡ್ಸೆ ವನಜ. ನಾಡಿದ್ ಅವ್ರ್ ಹೋದ ಎರ್ಡನೇ ವರ್ಷದ ದಿನ. ಒಂದ್ಸರ್ತಿ ಕೇಂಬ ಅಂದೇಳಿ ಬಟನ್ ಒತ್ತಿದೆ ಮಾರಾಯ್ತಿ. ಎಂತದೂ ಬತ್ತಿಲ್ಲೆ. ಕೂಗ್ತಿತ್ತ್, ಅಷ್ಟೇ."

ಫೋನಿನ ಹಿಂದಿನಿಂದ ಆ ಕೂಗು ಕೇಳಿಸುತ್ತಿತ್ತು. ಬಿಟ್ಟು ಬಿಟ್ಟು, ಒಂದೇ ಅಳತೆಯಲ್ಲಿ. ರ್ಯಾಮ್ ಇಲ್ಲದ ಕಂಪ್ಯೂಟರ್ ಹಾಗೆಯೇ ಕೂಗುತ್ತದೆ ಎಂದು ಹರಿಣಾಕ್ಷಿಗೆ ಗೊತ್ತಿತ್ತು.

"ಹಳ್ತಾಯ್ತ್ ಕಾಣತ್ತ್. ಹಾಳಾಯಿಕ್, ಅಲ್ದಾ?" ಎಂದರು ವನಜಕ್ಕ.

ಹೌದು ಎಂದರೆ ಮುಗಿಯುತ್ತಿತ್ತು. ವನಜಕ್ಕ ಅದನ್ನು ನಂಬುತ್ತಿದ್ದರು, ಮತ್ತೆ ಫೋನು ಮಾಡುತ್ತಲೂ ಇರಲಿಲ್ಲ. ಕೂಗು ಇನ್ನೂ ಕೇಳಿಸುತ್ತಿತ್ತು.

"ಬಂದ್ ಮಾಡಿ ಅಕ್ಕ. ನಾಳೆ ಬತ್ತೆ," ಎಂದಳು ಹರಿಣಾಕ್ಷಿ.

ಮರುದಿನ ಬಿಸ್ಕತ್ತಿನ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. ಬಾಗಿಲ ತನಕ ಹೋದವಳು ಹಿಂದೆ ಬಂದು ತನ್ನ ಕಂಪ್ಯೂಟರಿನ ತಗಡು ಬಿಚ್ಚಿ, ವಂಡ್ಸೆಯ ಎರಡು ಪಟ್ಟಿಗಳನ್ನೂ ಕಿತ್ತಳು.

"ಅದ್ನ ಎಂತಕ್ ತೆಗೂದ್?" ಎಂದರು ಅತ್ತೆ.

"ನಮ್ ಹಳ್ತ್ ಅಲ್ಲಿ ಹೊಂದದಿದ್ರೆ ಇದ್ನೇ ಕೊಟ್ಟಿಕ್ ಬತ್ತೆ."

"ಮತ್ತೆ ನಿನ್ ಕೆಲ್ಸ?"

ಹರಿಣಾಕ್ಷಿ ಕೊಡೆ ತೆಗೆದುಕೊಂಡಳು.

ವನಜಕ್ಕನ ಮನೆಯಲ್ಲಿ ಅವಳು ಕುಳಿತುಕೊಳ್ಳುವ ಮೊದಲೇ ಹೇಳಿದಳು. "ಅಕ್ಕ, ಅದ್ ಹಾಳಾದ್ದಲ್ಲ. ನಾ ತೆಗ್ದದ್ದಕ್ಕೆ ಹಾಂಗಾದ್ದ್. ಹಾಂಗಾತ್ತ್ ಅಂದೇಳಿ ಆವತ್ತೇ ನಂಗ್ ಗೊತ್ತಿತ್ತ್."

ವನಜಕ್ಕ ಅವಳ ಮುಖ ನೋಡಿದರು. "ನಾ ಆವತ್ತ್ ಎರ್ಡ್ ಸಲ ಕೇಂಡಿದ್ದೆ."

"ಹೌದ್. ಕೇಂಡದ್ದಕ್ಕೆ ಮಾತ್ರ ಹೇಳ್ದೆ. ಈ ಡಬ್ಬಿಯೊಳಗೆ ನಂದ್ ಹಳ್ತ್ ತಂದಿದೆ. ಇದ್ರಲ್ ಬಂದಿಲ್ಲ ಅಂದ್ರೆ ನಿಮ್ದ್ ನಿಮ್ಗೇ ಹಾಕಿ ಕೊಡ್ತೆ. ಅದೂ ಚೀಲದಂಗಿತ್ತ್."

"ನಿಮ್ಗ್ ಕೆಲ್ಸಕ್ಕೆ ಬೇಕ್ ಅಂದಿರಿ?"

"ಬೇಕ್."

ಹಾಗಾದರೆ ನಿಮ್ಮಲ್ಲೇ ಇರಲಿ ಎಂದು ವನಜಕ್ಕ ಹೇಳಲಿಲ್ಲ. ಫ್ಯಾನು ಹಾಕಿ, ಕುರ್ಚಿ ಎಳೆದು ಕುಳಿತರು.

ಹಳೆಯ ಪಟ್ಟಿಗಳನ್ನು ಕೂರಿಸಿ ಬಟನ್ ಒತ್ತಿದಾಗ ಮತ್ತೆ ಅದೇ ಕೂಗು. ಹರಿಣಾಕ್ಷಿ ಪಟ್ಟಿಗಳನ್ನು ತೆಗೆದು, ಅವುಗಳ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಊದಿ, ಪುನಃ ಒತ್ತಿ ಕೂರಿಸಿದಳು. ಚೀಲದ ಬಾಯಿ ತೆರೆದೇ ಇತ್ತು. ಅದರ ಕಡೆ ನೋಡದೆ ಬಟನ್ ಒತ್ತಿದಳು.

ಒಂದೇ ಒಂದು ಸಣ್ಣ ಬೀಪ್. ಆಮೇಲೆ ಪರದೆ ಬೆಳಗಿತು.

ಶುರುವಾಗಲು ಬಹಳ ಹೊತ್ತು ಹಿಡಿಯಿತು. ಚುಕ್ಕಿಗಳು ಸುತ್ತುತ್ತಲೇ ಇದ್ದವು.

"ಇನ್ ಹೀಂಗೇ ನಿಧಾನ ಅಕ್ಕ. ಬೇಕಾರೆ ಎಲ್ಲ ನಿಮ್ ಮೊಬೈಲಿಗ್ ಹಾಕಿ ಕೊಡ್ತೆ."

"ಹಾಕಿ. ಆದ್ರೆ ನಾ ಇಲ್ಲೇ ಕೇಂತೆ. ಅವ್ರ್ ಕೂಕಂಡ್ ಮಾತಾಡದ್ದೂ ಇಲ್ಲೇ."

ಮುತ್ತಣ್ಣನ ಧ್ವನಿಮುದ್ರಣಗಳು ಒಂದರ ಕೆಳಗೊಂದು ಕಾಣಿಸಿಕೊಂಡವು. ಹರಿಣಾಕ್ಷಿ ಕೊನೆಯದನ್ನು ಒತ್ತಿದಳು. ಮೊದಲು ಬರೀ ಗರಗರ ಸದ್ದು. ಯಾರೋ ಕೆಮ್ಮಿದರು. ಮತ್ತೆ, ರಿಕ್ಷಾದಲ್ಲಿ ಕೇಳುತ್ತಿದ್ದ ದನಿಯಲ್ಲ, ಮನೆಯೊಳಗಿನ ದನಿ:

"ವನಜಾ, ಆ ಫ್ಯಾನ್ ಒಂಚೂರ್ ಬಂದ್ ಮಾಡ್. ಶಬ್ದ ಬತ್ತಿತ್ತ್."

ವನಜಕ್ಕ ಎದ್ದು ಹೋಗಿ ಸ್ವಿಚ್ ಆರಿಸಿದರು. ಅಲ್ಲಿಯೇ ಗೋಡೆಯ ಪಕ್ಕ ನಿಂತರು. ತಲೆಯ ಮೇಲೆ ಫ್ಯಾನಿನ ಸುತ್ತು ನಿಧಾನವಾಗಿ, ಅದರ ಮೂರು ಎಲೆಗಳು ಬೇರೆ ಬೇರೆಯಾಗಿ ಕಾಣತೊಡಗಿದವು.