ಮೊಹರಿನ ನೀರು

ರೈಲು ಗಾರ್ಡನ ಕಂಕುಳಲ್ಲಿ ಹಸಿರು ಬಾವುಟ ಸುತ್ತಿಕೊಂಡೇ ಇದೆ, ಬಿಚ್ಚುವ ಲಕ್ಷಣವಿಲ್ಲ, ದೇಸೂರಿನ ಪ್ಲಾಟ್‌ಫಾರ್ಮಿನಲ್ಲಿ ಅವನು ಯಾರೊಂದಿಗೋ ಎಲೆ ಹಾಕಿಕೊಂಡು ನಗುತ್ತಿದ್ದಾನೆ, ಹಸಿರು, ಆದರೆ ಆ ಹಸಿರಲ್ಲ, ಬುರಾನುದ್ದೀನ ಹೇಳಿದ ಹಸಿರು ಇದಕ್ಕಿಂತ ತಿಳಿ, ಚಮಚದ ತುದಿಯಲ್ಲಿ ಹನಿಯಾಗಿ ನಿಲ್ಲುವಂಥದ್ದು — ನಿಂತು ಎಷ್ಟು ಹೊತ್ತಾಯಿತು, ಅರ್ಧ ಗಂಟೆ, ಶ್ರೀಪಾಲ ಗಡಿಯಾರ ತೆಗೆದು ನೋಡಿದ, ಹದಿನಾಲ್ಕೇ ನಿಮಿಷ. ಲೋಂಡಾ ಕಡೆಯ ಗೂಡ್ಸ್ ಬಂದು ಹೋಗಬೇಕಂತೆ, ಅಲ್ಲಿಯವರೆಗೆ ಈ ಗಾಡಿ ಕದಲದು, ಆಮೇಲೆ ಇದಲಹೊಂಡ, ಆಮೇಲೆ ಖಾನಾಪುರ, ಸ್ಟೇಶನ್ನಿನಿಂದ ಬುರಾನುದ್ದೀನನ ತಾಯಿ ಜೈತುನಬೀಯ ಮನೆಗೆ ಓಡಿದರೆ ಹತ್ತು ನಿಮಿಷ, ಅಷ್ಟರೊಳಗೆ ಎಷ್ಟು ಚಮಚ, ತಾಸಿಗೊಂದು ಚಮಚ ಅಂದಿದ್ದ. ಬೆಳಿಗ್ಗೆ ಬೆಳಗಾವಿಯ ಸಾಲೆಯ ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡು, ಏನೋ ಮಾಸ್ತರ, ಜೈನರ ಮನಶ್ಯಾ ನೀ, ಇಲ್ಲಿ ಕೊಳತ ತತ್ತಿ ನಾರಾಕತ್ತೈತಲ್ಲೋ, ಅಂದು ನಕ್ಕವನು ನಗುವನ್ನು ಅರ್ಧಕ್ಕೇ ಬಿಟ್ಟ. ಮಗಳಿಗೆ ನಿನ್ನೆ ಮುಂಜಾನಿಂದ ಬ್ಯಾನಿ ಐತಿ, ಕೂಸು ಬರವಲ್ದು, ನರ್ಸಬಾಯಿನ್ನ ಕರಕೊಂಡು ಮೋಟಾರಿನಾಗ ಹೊಂಟೀನಿ, ಒಂದ ಮಾತು ಕೇಳಾಕ ಬಂದೆ. ಹೆರಿಗಿ ಸಸೂತ್ರ ಆಗಲಿ ಅಂತ ಅಮ್ಮಿ ಬಿಲ್ಕೀಸಗ ನಮ್ಮ ಬಂಗಾರದ ಮೊಹರಿನ ನೀರು ಕುಡಸಾಕತ್ತಾಳ. ನೀರು ಹಸರ ಆಗತೈತಿ. ಬಟ್ಟಲದ್ದಲ್ಲಪಾ, ಅದಕ್ಕ ಹೊಸಾ ಕಲಾಯಿ ಐತಿ, ಮೊಹರಿಂದನ ಬರತೈತಿ. ನೀ ಓದಾಕಂತ ಒಯ್ದಿದ್ದೆಲ್ಲಾ, ಆಗ ಏನರ ಔಷಧ ಹಚ್ಚಿದ್ದೇನು? ಆಗ, ಆಗಲೇ, ಕುಡಿಸಬ್ಯಾಡ ಅನ್ನು, ಅಷ್ಟೇ ಸಾಕಿತ್ತು, ಯಾಕಂತ ಕೇಳಿದರೆ ಇನ್ನೊಂದು ಸುಳ್ಳು ಹೇಳಬಹುದಿತ್ತು, ಆದರೆ ಬಾಯಿಂದ ಬಂದದ್ದು — ಹಳೇ ಬಂಗಾರದಾಗ ಸ್ವಲ್ಪ ತಾಮ್ರ ಇರತೈತಿ, ಬಿಡು. ಪಾಠ ಹೇಳುವ ಧ್ವನಿಯಲ್ಲಿ. ಹಂಗಾರ ಕಾಳಜಿ ಇಲ್ಲ, ಅಂದು ಬುರಾನುದ್ದೀನ ಹೆಗಲು ತಟ್ಟಿ ಹೊರಟ, ಮೆಟ್ಟಿಲಿಳಿಯುತ್ತ ತಿರುಗಿ, ವಾಂತಿ ನಿಲ್ಲಲಿ ಅಂತ ಅದರಾಗ ನಿಂಬಿಹಣ್ಣು ಹಿಂಡ್ಯಾಳ, ಅಂದ. ನಿಂಬೆಹಣ್ಣು. ಆಮ್ಲ, ಅದರಲ್ಲಿ ತಾಮ್ರ, ತಾಮ್ರದೊಳಗೆ ಸೀಸ.

ಅಸಲಿ ಮೊಹರು ಇಲ್ಲಿದೆ, ಕೋಟಿನ ಒಳಜೇಬಿನಲ್ಲಿ, ಎದೆಗೆ ತಾಗಿ, ತಣ್ಣಗೆ, ಭಾರವಾಗಿ, ಎರಡು ವರ್ಷದಲ್ಲಿ ಇದೇ ಮೊದಲ ಸಲ ಪೆಟ್ಟಿಗೆಯಿಂದ ಹೊರಬಿದ್ದಿದೆ. ಹೆಂಡತಿ ಸೋನಾಬಾಯಿ ತಾಟು ಹಿಡಿದು ನಿಂತಿದ್ದಳು, ಉಣ್ಣೂದ ಬಿಟ್ಟು ಎಲ್ಲಿಗ್ರೀ, ಮತ್ತ ಯಾರ ಮನ್ಯಾಗರ ತೂತು ಬಿದ್ದ ದುಡ್ಡು ಸಿಕ್ಕೈತೇನು, ಅನ್ನುವಷ್ಟರಲ್ಲಿ ಮೆಟ್ಟಿಲಿಳಿದಿದ್ದೆ. ಆರುನೂರಾ ಹನ್ನೆರಡು ನಾಣ್ಯ, ಒಂದೊಂದಕ್ಕೂ ಒಂದು ಚೀಟಿ, ತೂಕ, ಅಗಲ, ಸಿಕ್ಕ ಊರು, ಹೇಗೆ ಬಂತು, ಮೂವತ್ತನಾಲ್ಕು ವರ್ಷದಲ್ಲಿ ಚೀಟಿಯ ಒಂದು ಅಂಕಣವನ್ನೂ ಖಾಲಿ ಬಿಟ್ಟಿಲ್ಲ, ಒಂದರ ಹೊರತು. ಷಹಾಜಹಾನನ ಮೊಹರು, ಬಂಗಾರ, ಒಂದು ಬದಿಗೆ ಚೌಕದೊಳಗೆ ಕಲ್ಮಾ, ಊರು ಖಾನಾಪುರ, ಹೇಗೆ ಬಂತು — ಅಲ್ಲಿ ಪೆನ್ನು ಎಷ್ಟು ಸಲ ತಂದಿಟ್ಟೆ, ಮಸಿ ಒಣಗಿತು. ಕದಿಯಬೇಕೆಂದು ತಂದದ್ದಲ್ಲ, ಜಿನದೇವನಾಣೆ ಅಲ್ಲ, ಬೆಳಗಾವಿಯಲ್ಲಿ ಕಾಂಗ್ರೆಸ್ ಸೇರಿದ ಚಳಿಗಾಲ, ಜೈತುನಬೀ ತಾನೇ ಗಂಟು ಬಿಚ್ಚಿ ಕೈಗೆ ಹಾಕಿದ್ದಳು, ಒಂದ ತಿಂಗಳ ಇಟಗೋ ಬೇಟಾ, ಏನ ಬರದೈತಿ ಓದಿ ಹೇಳು. ನಕಲು ಮಾಡಿದ್ದು ತನಗಾಗಿ. ಪುಣೆಯ ಕಾಲೇಜಿನಲ್ಲಿ ಕಲಿತ ಕೆಲಸ, ಮೇಣದಲ್ಲಿ ಅಚ್ಚು, ಅಚ್ಚಿನ ಮೇಲೆ ಗ್ರಾಫೈಟ್ ಪುಡಿ, ಮೈಲುತುತ್ತದ ನೀರಿನಲ್ಲಿ ಬ್ಯಾಟರಿಯ ತಂತಿಗೆ ತೂಗುಹಾಕಿ ಒಂಬತ್ತು ದಿನ, ಕೂದಲೆಳೆಯಷ್ಟೂ ತಪ್ಪದೆ ಅಕ್ಷರಗಳು ತಾಮ್ರದಲ್ಲಿ ಮೂಡಿ ಬಂದಾಗ ಕಣ್ಣಲ್ಲಿ ನೀರು ಬಂದಿತ್ತು, ಎರಡು ಸಿಪ್ಪೆ ಕೂಡಿಸಿ ನಡುವೆ ಸೀಸ ಹೊಯ್ದು, ಮೇಲೆ ತೆಳ್ಳಗೆ ಬಂಗಾರದ ನೀರು ಕುಡಿಸಿ. ತಿಂಗಳು ತುಂಬಿದ ದಿನ ಎರಡೂ ಮೇಜಿನ ಮೇಲೆ ಪಕ್ಕಪಕ್ಕ, ಕಿಟಕಿಯ ಬಿಸಿಲು, ಎಡಗಡೆಯದು ಅಸಲಿ, ಅದನ್ನು ಚೀಲಕ್ಕೆ ಹಾಕಬೇಕು, ಕೈ ಬಲಗಡೆಗೆ ಹೋಯಿತು. ಕೈ ಹೋಯಿತಂತೆ, ಕೈಗೆ ಯಾರು ಹೇಳಿದರು. ಅವರು ಅದನ್ನು ಬೂದಿಯಿಂದ ತಿಕ್ಕುತ್ತಾರೆ, ಪ್ರತಿ ಹೆರಿಗೆಗೂ ತಿಕ್ಕಿ ತಿಕ್ಕಿ ನೀರಿಗೆ ಹಾಕುತ್ತಾರೆ, ಇನ್ನು ಐವತ್ತು ವರ್ಷಕ್ಕೆ ಒಂದಕ್ಷರವೂ ಉಳಿಯುವುದಿಲ್ಲ, ನಾನು ಉಳಿಸಿದೆ — ಉಳಿಸಿದೆ, ಹೌದು, ಬೂದಿ, ಬೂದಿಯಿಂದ ತಿಕ್ಕಿದರೆ ಬಂಗಾರದ ನೀರು ಎಷ್ಟು ದಿನ ತಾಳೀತು, ಇದು ತಿಳಿಯದ್ದೇ, ತಿಳಿದಿತ್ತು, ಲೆಕ್ಕ ಹಾಕಲಿಲ್ಲ. ತಿರುಗಿ ಕೊಟ್ಟಾಗ ಜೈತುನಬೀ ಅಂಗೈಯಲ್ಲಿ ತೂಗಿ ನೋಡಿದಳು, ಹಗುರ ಆಗೈತಲ್ಲೋ ಶಿರಪಾಲ. ತೊಳದೀನಿ ಅಮ್ಮಾ, ಮುನ್ನೂರ ವರ್ಷದ ಹೊಲಸು ಹೋಗೈತಿ. ಹಂಗಾರ ನನ್ನೂ ಒಂದೀಟ ತೊಳಿಯೋ, ಮೊಣಕಾಲಿಗರ ಹಗುರಾದೀತು, ಅಂದು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು, ಅವಳ ಜೊತೆ ತಾನೂ ನಕ್ಕ.

ತೊಗೋರಿ, ಒಂದ ಗುಟುಕು ಕುಡೀರಿ, ಮಾರಿ ಬಾಡೇತಿ ನಿಮ್ದು, ಎದುರಿನ ಮುದುಕಿ ತಂಬಿಗೆ ಚಾಚಿದ್ದಾಳೆ, ಅವನ ಕೈ ತಾನಾಗಿ ಬೇಡವೆಂದು ಅಡ್ಡ ಬಂತು, ಅವಳು ಕಣ್ಣು ಕಿರಿದು ಮಾಡಿ, ಜೈನರೇನ್ರೀ, ನಾನೂ ಅರಿವ್ಯಾಗ ಸೋಸೇ ತಂದೀನ್ರಿ, ನನ್ನ ನೀರಾಗ ಹುಳಾ ಇಲ್ರಿ. ಸೋಸದ ನೀರು ಬಾಯಿಗೆ ಹಾಕಿದವನಲ್ಲ, ಕಣ್ಣಿಗೆ ಕಾಣದ ಜೀವ ಸತ್ತೀತೆಂದು, ಅರಿವೆಯನ್ನು ತಿರುಗಿಸಿ ಅದರಲ್ಲಿನ ಜೀವಗಳನ್ನು ಮತ್ತೆ ಬಾವಿಗೇ ಬಿಡುವ ಮನೆ ತಮ್ಮದು, ಕೊಡದ್ದನ್ನು ತೆಗೆದುಕೊಳ್ಳೆನೆಂದು ಬಸದಿಯಲ್ಲಿ ವ್ರತ ತೊಟ್ಟ ಬಾಯಿ ಇದು, ಮತ್ತು ಅಲ್ಲಿ, ಹತ್ತೊಂಬತ್ತು ವರ್ಷದ ಹುಡುಗಿಯ ಒಣಗಿದ ತುಟಿಯ ಹತ್ತಿರ ಚಮಚ, ಚಮಚದ ತುದಿಯಲ್ಲಿ ಹಸಿರು ಹನಿ. ಒಂದು ಲೋಟ ನೀರಿನಲ್ಲಿ ಎಷ್ಟು ತಾಮ್ರ ಕರಗೀತು, ನಿಂಬೆಯ ಹುಳಿ ಶೇಕಡಾ ಇಷ್ಟು, ಹೊತ್ತು ಇಷ್ಟು, ಗುಣಿಸಿದರೆ — ಸಾಯುವಷ್ಟಲ್ಲ, ಬಹುಶಃ ಅಲ್ಲ, ಆದರೆ ಎರಡು ದಿನದಿಂದ ಅನ್ನವಿಲ್ಲದ ಮೈಗೆ, ಹೊಟ್ಟೆಯೊಳಗಿನದಕ್ಕೆ, ಆ ಸೂತ್ರವನ್ನು ಯಾರೂ ಬರೆದಿಲ್ಲ. ಅಸಲಿಯ ನೀರಿನಿಂದಲೂ ಹೆರಿಗೆ ಆಗುವುದಿಲ್ಲ, ಅದು ಬರಿಯ ನೀರು, ಇದನ್ನು ನಂಬುವವನು ತಾನು, ಹಾಗಾದರೆ ಅದನ್ನು ಎದೆಗವಚಿಕೊಂಡು ಯಾಕೆ ಓಡುತ್ತಿದ್ದೇನೆ, ಬಾಯೊಂದನ್ನೇ ಒಯ್ದರೆ ಸಾಲದೇ. ಬುರಾನುದ್ದೀನ ಮಲಪ್ರಭೆಯ ಮಡುವಿನಿಂದ ಮೇಲೆದ್ದು ಬರುತ್ತಾನೆ, ಒಂಬತ್ತು ವರ್ಷದವನು, ತುಟಿ ನೀಲಿ, ಮುಷ್ಟಿಯಲ್ಲಿ ಕೆಸರು, ಕೆಸರಿನಲ್ಲಿ ಯಾರೋ ಹೊಳೆಗೆ ಒಗೆದ ತಾಮ್ರದ ಕಾಸು, ನೀ ಮುಳಗಾಕ ಅಂಜತೀ, ತೊಗೋ, ಅಂಗಡ್ಯಾಗ ನಡ್ಯಂಗಿಲ್ಲ ಇದು, ನನಗ್ಯಾಕ. ಚೀಟಿ ನಂಬರು ಒಂದು, ಹೇಗೆ ಬಂತು, ಗೆಳೆಯ ಕೊಟ್ಟದ್ದು. ಗೂಡ್ಸ್ ಅಬ್ಬರಿಸುತ್ತ ಹೋಯಿತು, ಗಾಡಿ ಜಗ್ಗಿತು, ಹೇಳುತ್ತೇನೆ, ಮೊದಲು ಬಟ್ಟಲು ಕಸಿದುಕೊಂಡು ಚೆಲ್ಲುತ್ತೇನೆ, ಆಮೇಲೆ ಹೇಳುತ್ತೇನೆ, ಅದು ಖೊಟ್ಟಿ ಮೊಹರು ಅಮ್ಮಾ, ನಾನ ಮಾಡೀನಿ, ನಿಮ್ಮದನ್ನ ಕದ್ದೀನಿ, ಮೂರು ತುಂಡು ಮಾತು, ಗಾಲಿಗಳು ಅದನ್ನೇ ಹೇಳಿಕೊಂಡು ಓಡುತ್ತಿವೆ, ನಾನ ಮಾಡೀನಿ, ನಾನ ಮಾಡೀನಿ, ಇದಲಹೊಂಡದಲ್ಲಿ ಮುದುಕಿ ಇಳಿದುಹೋದದ್ದೂ ತಿಳಿಯಲಿಲ್ಲ.

ಓಣಿಯ ತಿರುವಿನಲ್ಲೇ ಕೇಳಿಸಿತು, ಕೂಸಿನ ಅಳು, ಸಣ್ಣದು, ಬಟ್ಟೆ ಹರಿದಂಥದ್ದು, ಬಂದಿತು, ತಾನು ಬರುವ ಮೊದಲೇ ಬಂದಿತು. ಪಡಸಾಲೆಯಲ್ಲಿ ಬುರಾನುದ್ದೀನ ಬಿಳಿ ಬಟ್ಟೆಯ ಗಂಟಿನ ಮೇಲೆ ಬಾಗಿ ಅದರ ಕಿವಿಯಲ್ಲಿ ಅಜಾನ್ ಹೇಳುತ್ತಿದ್ದಾನೆ, ಹೇಳಿ ಮುಗಿಸಿ ತಲೆಯೆತ್ತಿದ, ಅರೆ, ಮಾಸ್ತರ, ಸಾಲಿ ಬಿಟ್ಟ ಬಂದ್ಯಾ, ಕಣ್ಣೆಲ್ಲ ನೀರು. ಬಿಲ್ಕೀಸ ಹೆಂಗದಾಳ? ಕಣ್ಣ ತೆರಿವಲ್ಲಳಪಾ, ನರ್ಸಬಾಯಿ ಒಳಗ ಅದಾಳ, ವಾಂತಿ ಇನ್ನೂ ನಿಂತಿಲ್ಲ. ಜೈತುನಬೀ ಗೋಡೆಗೊರಗಿ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಾಳೆ, ಬಾ ಬೇಟಾ, ಕುಂದರು, ನಮ್ಮ ಮೊಹರು ಕೈ ಬಿಡಲಿಲ್ಲ ನೋಡು, ಕೂಸಿಗೂ ಒಂದ ಹನಿ ಹಾಕಿಬಿಡ್ತೀನಿ. ಈಗ. ಈಗಲೇ. ಅಮ್ಮಾ, ಅಂದ, ಕೈ ಒಳಜೇಬಿಗೆ ಹೋಗಿ ಬಂತು, ಮಾತಿಗೆ ಬದಲು ಮುಷ್ಟಿ ಬಿಚ್ಚಿತು, ಅಂಗೈಯಲ್ಲಿ ಮೊಹರು ಬಿಸಿಲಿಗೆ ಹೊಳೆಯಿತು, ತಿಳಿಯಲಿ, ನೋಡಿಯೇ ತಿಳಿಯಲಿ, ಹೇಳಿಸಬೇಡ. ಅವಳು ಎತ್ತಿಕೊಂಡು ತೂಗಿ ನೋಡಿದಳು, ಮುಖ ಅರಳಿತು, ಯಾ ಅಲ್ಲಾ, ಜೋಡಿ ಹುಡಿಕಿ ತಂದ್ಯಾ, ಕೂಸಿಗೆ ನೋಡಾಕ ಬರಗೈಲೆ ಬರಬಾರ್ದಂತ ಎಷ್ಟ ತಿರಗಿದ್ಯೋ ಏನೋ, ನೋಡೋ ಬುರಾನ, ನಿನ್ನ ಗೆಳ್ಯಾನ ಕರುಳ ನೋಡು. ಟಣ್ಣೆಂದಿತು, ಅದನ್ನೂ ಬಟ್ಟಲಿಗೇ ಹಾಕಿದಳು, ಹಸಿರು ನೀರಿನ ತಳದಲ್ಲಿ ಎರಡು, ಎಡಗಡೆಯದು, ಬಲಗಡೆಯದು, ಬುರಾನುದ್ದೀನ ಕೂಸನ್ನು ತಾಯಿಯ ತೊಡೆಗೆ ಹಾಕಿ ಬಂದು ಅಪ್ಪಿಕೊಂಡಿದ್ದಾನೆ, ಅವನ ಹೆಗಲಾಚೆ ಚಮಚ ನೀರಿಗಿಳಿಯಿತು, ಎದ್ದಿತು, ಮೂರು ತುಂಡು ಮಾತು, ಒಂದು ತುಂಡು, ಬ್ಯಾಡ ಅನ್ನು, ಬಾಯಿ ತೆರೆದಿದೆ, ತನ್ನದು, ಕೂಸಿನದು, ಚಮಚ ಬಾಗುತ್ತಿದೆ, ತುದಿಯಲ್ಲಿ ಹನಿ, ಹಸಿರು, ಬಾಗುತ್ತಿದೆ, ಹನಿ, ತುದಿಯಲ್ಲಿ, ಹಸಿರು ಹನಿ