ಭೀಮಯ್ಯನ ಚಾಲು, ರಂಜನಿಯ ಚಾಲೂ

ಪ್ರಾಣೇಶ, ಪೈಪು ಒಡೆದದ್ದು ನಿಜ. ಊರು ಮುಳುಗಿದ್ದು ಸುಳ್ಳು. ನಾರಾಯಣಪೇಟೆಯಲ್ಲಿ ಕೂತ ನಿನಗೆ ಯಾರು ಏನು ಮುಟ್ಟಿಸಿದರೋ ಗೊತ್ತಿಲ್ಲ. ಶರಣಯ್ಯನ ಅಣ್ಣನ ಮಗಳು ರಸ್ತೆ ಮಟ್ಟ ಮಾಡುವ ಗ್ರೇಡರ್ ಕಲಿಯಲು ಹೋಗಿ ಒಂದು ಊರನ್ನೇ ನೀರಿಗೆ ಹಾಕಿದಳಂತೆ ಎಂದು ನಗುತ್ತ ಮೆಸೇಜು ಬಿಟ್ಟೆಯಲ್ಲ, ಅದನ್ನು ಕೇಳಿದಾಗಿನಿಂದ ನನಗೆ ಒಂದು ಕಡೆ ಕೂರಲು ಆಗುತ್ತಿಲ್ಲ. ಗದ್ವಾಲದ ಈ ಮನೆಯ ಅಂಗಳದಲ್ಲಿ ಅಡ್ಡಾಡುತ್ತಲೇ ಹೇಳುತ್ತೇನೆ. ನಡುವೆ ಬುಸುಗುಟ್ಟುವುದು ಕೇಳಿಸಿದರೆ ಅದು ನನ್ನದೇ ಉಸಿರು, ಎಮ್ಮೆಯದಲ್ಲ.

ನನ್ನ ಅಣ್ಣನ ಮಗಳು ಶಿವರಂಜನಿಯನ್ನು ನೀನು ನೋಡಿಲ್ಲ. ವಡ್ಡೆಪಲ್ಲಿಯವಳು. ಅಲ್ಲಿ ಹತ್ತಿಯನ್ನು ಬೀಜಕ್ಕಾಗಿ ಬೆಳೆಯುತ್ತಾರೆ. ಬೆಳಗಾದರೆ ಹೊಲಕ್ಕಿಳಿದು ಒಂದು ಗಿಡದ ಹೂವನ್ನು ಇನ್ನೊಂದು ಗಿಡದ ಹೂವಿಗೆ ಒರೆಸುತ್ತ ಹೋಗಬೇಕು, ಒಂದೊಂದಾಗಿ, ಸಾಲು ಮುಗಿಯುವ ತನಕ. ಸಣ್ಣವಳಿದ್ದಾಗಿನಿಂದ ಅವ್ವ ಮಹಾಂತಮ್ಮನ ಹಿಂದೆ ಅದೇ ಕೆಲಸ ಮಾಡಿ ಮಾಡಿ ಅವಳ ಬೆರಳುಗಳಿಗೆ ಸುಮ್ಮನಿರುವುದು ಮರೆತೇ ಹೋಗಿದೆ. ಮಾತಾಡುವಾಗ ಓಢಣಿಯ ಅಂಚಿನ ದಾರ ಎಳೆಯುತ್ತಾಳೆ. ಊಟಕ್ಕೆ ಕೂತರೆ ರೊಟ್ಟಿಯನ್ನು ತಿನ್ನುವ ಮೊದಲೇ ಚೂರು ಮಾಡಿ ಗುಡ್ಡೆ ಹಾಕುತ್ತಾಳೆ. ಮದುವೆ ಮಾಡಿಕೊಟ್ಟರು, ಗಂಡನ ಮನೆಯಲ್ಲೂ ಅದೇ ಹತ್ತಿ, ಅದೇ ಹೂವು. ಟ್ರ್ಯಾಕ್ಟರ್ ಓಡಿಸಲು ಕೊಟ್ಟ ದಿನಗಳಲ್ಲಿ ಮಾತ್ರ ಅವಳ ಮುಖ ಅರಳುತ್ತಿತ್ತು.

ನಾನು ರಸ್ತೆ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಆದರೂ ಶಾಂತಿನಗರದ ಆಚೆ ರಾಜೋಳಿ ಕಡೆಗೆ ರಸ್ತೆ ಹಾಕುತ್ತಿದ್ದ ಗುತ್ತೇದಾರನ ಸೂಪರ್‌ವೈಸರ್ ಸಾಯಿಕುಮಾರ್ ನನ್ನನ್ನು ಹುಡುಕಿಕೊಂಡು ಬಂದ. ಮಕ್ತಲ್‌ನಲ್ಲಿ ಅವರದೊಂದು ಗ್ರೇಡರ್ ಸುಮ್ಮನೆ ನಿಂತಿದೆ, ಓಡಿಸುವವನು ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದಾನೆ, ನೀವು ಬರುತ್ತೀರಾ ಎಂದ. ನನ್ನ ಸೊಂಟ ಆ ಸೀಟಿಗೆ ಯಾವತ್ತೋ ಸಲಾಂ ಹೊಡೆದಿದೆ ಎಂದೆ. ಅವತ್ತು ರಂಜನಿ ನಮ್ಮ ಮನೆಗೆ ಬಂದಿದ್ದಳು. ಒಳಗಿಂದಲೇ, ನಾನು ಕಲಿಯುತ್ತೇನೆ ಎಂದಳು. ಸಾಯಿಕುಮಾರ್ ನಕ್ಕ. ಅವಳು ನಗಲಿಲ್ಲ.

ಕೊನೆಗೆ ಒಂದು ಕರಾರು ಆಯಿತು. ರಾಜೋಳಿ ರಸ್ತೆಯಲ್ಲಿ ಓಡುತ್ತಿದ್ದ ಮಷೀನು ಖಾಲಿ ಇರುವ ಹೊತ್ತಿನಲ್ಲಿ ನಾನು ಕಲಿಸಬೇಕು. ಆಮೇಲೆ ಒಂದು ತುಂಡು ರಸ್ತೆಯನ್ನು ಅವಳೊಬ್ಬಳೇ ಮಟ್ಟ ಮಾಡಬೇಕು. ಸರಿ ಬಂದರೆ ಮಕ್ತಲ್ ಗ್ರೇಡರ್ ಅವಳ ಕೈಗೆ. ಬರದಿದ್ದರೆ ಅವಳು ಹೊಲಕ್ಕೆ, ಮತ್ತೆ ಕೇಳುವ ಹಾಗಿಲ್ಲ. ಮಹಾಂತಮ್ಮ ನನಗೆ ಫೋನು ಮಾಡಿ, ಹತ್ತಿ ಹೂ ಬಿಡುವ ಹೊತ್ತಿಗೆ ಮಗಳನ್ನು ಕಳಿಸು, ನಿನ್ನ ಹುಚ್ಚು ಅವಳಿಗೆ ಹತ್ತಿಸಬೇಡ ಎಂದು ಚೆನ್ನಾಗಿ ಬೈದಳು.

ಗ್ರೇಡರ್ ಎಂದರೆ ನಿನಗೆ ಕಾಗದದ ಮೇಲೆ ಗೊತ್ತು. ಉದ್ದ ಮೈ, ಹೊಟ್ಟೆಯ ಕೆಳಗೆ ಬ್ಲೇಡು, ಮುಂದೆ ಎರಡು ಗಾಲಿ, ಹಿಂದೆ ನಾಲ್ಕು. ಬ್ಲೇಡಿನ ಎಡಕ್ಕೊಂದು ಲಿವರ್, ಬಲಕ್ಕೊಂದು, ಅದನ್ನು ತಿರುಗಿಸಲು ಒಂದು, ಸರಿಸಲು ಒಂದು, ಗಾಲಿ ವಾಲಿಸಲು ಇನ್ನೊಂದು. ಕೈಗೆ ಇಷ್ಟೊಂದು ಕೆಲಸ ಕಂಡು ರಂಜನಿಗೆ ಹಬ್ಬ. ಅದೇ ತೊಂದರೆಯಾಯಿತು. ಬ್ಲೇಡು ಕೂದಲಷ್ಟು ಏರಿದರೆ ಇಳಿಸುತ್ತಾಳೆ, ಇಳಿದರೆ ಏರಿಸುತ್ತಾಳೆ. ಒಂದು ಉಬ್ಬು ಬಿಟ್ಟರೆ ಹಿಂದಿನ ಗಾಲಿ ಅದರ ಮೇಲೆ ಹತ್ತುತ್ತದೆ, ಗಾಲಿ ಹತ್ತಿದಾಗ ಬ್ಲೇಡೂ ಏಳುತ್ತದೆ, ಇನ್ನೊಂದು ಉಬ್ಬು ಹುಟ್ಟುತ್ತದೆ. ಅವಳು ಮಟ್ಟ ಮಾಡಿದ ಬಯಲು ನೋಡಿದರೆ ಸೀರೆಗೆ ನಿರಿಗೆ ಹಿಡಿದ ಹಾಗಿತ್ತು.

ಕ್ಯಾಬಿನ್ನಿನ ಬಾಗಿಲಲ್ಲಿ ಜೋತುಬಿದ್ದು ಹೇಳಿದೆ: "ಲಿವರ್ ಮುಟ್ಟಿದಿ, ಮುಗೀತು. ಹಿಂದಿನ ಗಾಲಿ ಅಲ್ಲಿಗೆ ಬರೋತನಕ ಮತ್ತ ಕೈ ಹಚ್ಚಬ್ಯಾಡ."

"ಅಲ್ಲೀತನಕ ಈ ಕೈ ಏನ್ ಮಾಡ್ಲಿ ಕಾಕಾ?"

"ತೊಡಿ ಕೆಳಗ ಇಟ್ಕೊಂಡು ಕೂಡು."

ಇಟ್ಟುಕೊಂಡಳು, ಗೊಣಗುತ್ತ. ಕೈ ತೊಡೆಯ ಕೆಳಗೆ ಹೋದರೆ ಕಾಲು ಕುಣಿಯುತ್ತಿತ್ತು. ಕಾಲು ನಿಂತರೆ ತುಟಿ ಕಚ್ಚುತ್ತಿದ್ದಳು. ಇಡೀ ಮೈಯಲ್ಲಿ ಎಲ್ಲೋ ಒಂದು ಕಡೆ ಇರುವೆ ಹರಿದಾಡುತ್ತಲೇ ಇರಬೇಕು ಅವಳಿಗೆ. ಆದರೂ ನಿರಿಗೆ ಕಡಿಮೆಯಾಗುತ್ತ ಬಂತು. ಬಯಲು ಬಯಲಿನ ಹಾಗೆ ಕಾಣತೊಡಗಿತು.

ಪರೀಕ್ಷೆಯ ದಿನ ನನ್ನನ್ನು ಮಷೀನಿನ ಹತ್ತಿರ ಬಿಡಲಿಲ್ಲ. ಪೆದ್ದಾಯನ ದೂರ ನಿಲ್ಲಬೇಕು ಎಂದು ಸಾಯಿಕುಮಾರನ ಅಪ್ಪಣೆ. ತೆಲುಗಿನಲ್ಲಿ ಅದು ಹಿರಿಯರಿಗೆ ಕೊಡುವ ಮರ್ಯಾದೆ. ಅವತ್ತು ನಾನು ಬಿಸಿಲಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದುದನ್ನು ನೋಡಿದವರು ಕನ್ನಡದ ಅರ್ಥವನ್ನೇ ಹಿಡಿದಿದ್ದರೂ ತಪ್ಪಿರಲಿಲ್ಲ. ಊರಿನ ಮಗ್ಗುಲಿಗೇ ಹಾದುಹೋಗುವ ತುಂಡು ಅದು. ಮೊರಂ ಎನ್ನುವ ಗರಸು ಮಣ್ಣು ಸುರಿದು ಹರವಿದ್ದರು. ಮಟ್ಟ ನೋಡುವವನು ಭೀಮಯ್ಯ, ಗೂಟಗಳ ನಡುವೆ ದಾರ ಬಿಗಿದು ಅಳೆಯುತ್ತ ಪಕ್ಕದಲ್ಲೇ ನಡೆಯುವವನು. ಒಳ್ಳೆಯ ಮನುಷ್ಯ, ತೆಲುಗು ಬಿಟ್ಟರೆ ಬೇರೆ ಬಾರದು, ಗಂಟಲು ಮಾತ್ರ ದೊಡ್ಡದು. ಬ್ಲೇಡು ಎಷ್ಟು ಇಳಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವನು ಕೂಗಬೇಕು, ಅವಳು ಮಾಡಬೇಕು.

ಅರ್ಧ ದಾರಿ ನೆಲ ಸಮವಿತ್ತು, ಭೀಮಯ್ಯ ಕೂಗುವ ಕೆಲಸವೇ ಬೀಳಲಿಲ್ಲ, ಚೆನ್ನಾಗಿ ಹೋಯಿತು. ಆಮೇಲೆ ರಸ್ತೆಯ ಅಂಚಿನಲ್ಲಿ ಒಂದು ದಿಬ್ಬ ಬಂತು. ಇಳಿಸು ಎಂದ, ಇಳಿಸಿದಳು. ಸಾಕಷ್ಟು ಇಳಿದ ಮೇಲೆ ಭೀಮಯ್ಯ, "ಚಾಲು" ಎಂದು ಕೂಗಿದ.

ತೆಲುಗಿನಲ್ಲಿ ಚಾಲು ಎಂದರೆ ಸಾಕು. ನಮ್ಮ ಮನೆಗಳಲ್ಲಿ ಚಾಲೂ ಎಂದರೆ ನಡೆಯಲಿ; ಮೋಟರ್ ಚಾಲೂ ಮಾಡು, ಫ್ಯಾನ್ ಚಾಲೂ ಇಡು. ನಡುವೆ ಇರುವುದು ಬಾಲ ಗಿಡ್ಡವೋ ಉದ್ದವೋ ಎನ್ನುವಷ್ಟೇ ವ್ಯತ್ಯಾಸ. ಇಂಜಿನ್ನಿನ ಗದ್ದಲದ ಮೇಲೆ ಕೂಗಿದರೆ ಎಲ್ಲ ಬಾಲವೂ ಉದ್ದವೇ. ರಂಜನಿ ಇನ್ನಷ್ಟು ಇಳಿಸಿದಳು. ಭೀಮಯ್ಯ ಗಾಬರಿಯಾಗಿ ಇನ್ನೂ ಜೋರಾಗಿ, ಇನ್ನೂ ಉದ್ದವಾಗಿ ಕೂಗಿದ. ಇಷ್ಟು ಹುರುಪು ಕೊಡುತ್ತಿದ್ದಾನಲ್ಲ ಎಂದುಕೊಂಡು ಅವಳು ಇನ್ನಷ್ಟು ಇಳಿಸಿದಳು. ನಾನು ಓಡಿದೆ. ಈ ವಯಸ್ಸಿನ ಓಟ ಎಷ್ಟು, ಹೇಳು.

ಊರಿಗೆ ಹೋಗುವ ನೀರಿನ ಪೈಪು ಅಲ್ಲೇ ಇತ್ತು. ಅದನ್ನು ಹೂತವರು ಗೇಣು ಆಳಕ್ಕೂ ಇಳಿದಿರಲಿಲ್ಲ. ಬ್ಲೇಡು ತಾಗಿದ್ದೇ ತಡ, ನೀರು ಎದ್ದು ಭೀಮಯ್ಯನ ಎದೆಗೆ ಹೊಡೆಯಿತು, ಹರವಿದ ಮೊರಂ ಎಲ್ಲ ಕೆಸರಾಯಿತು. ನಲ್ಲಿ ಬಿಡುವ ಹೊತ್ತು ಬೇರೆ. ಕೊಡ ಹಿಡಿದು ಕಾಯುತ್ತಿದ್ದ ಹೆಂಗಸರು ಓಡಿಬಂದರು. ಮುಂದೆ ಇದ್ದವಳು ಅನ್ನಮ್ಮ, ರಸ್ತೆ ಪಕ್ಕದ ಮನೆಯವಳು. ಕ್ಯಾಬಿನ್ನಿನಲ್ಲಿ ಹೆಣ್ಣುಮಗಳನ್ನು ಕಂಡು ಕೊಡವನ್ನು ಸೊಂಟಕ್ಕೇರಿಸಿಕೊಂಡಳು.

"ಮನಿಗೆ ಬರೋ ನೀರು ಇಲ್ಲಿ ಬಿಟ್ಟೀಯಲ್ಲವ್ವಾ," ಎಂದಳು. "ರೋಡಿಗೇನು ನೀರಡಿಕಿ ಆಗಿತ್ತೇನು?"

ಯಾರೋ ಹೋಗಿ ನೀರು ಬಂದ್ ಮಾಡಿಸಿದರು. ರಂಜನಿ ಇಂಜಿನ್ ಆರಿಸಿದಳು, ಇಳಿಯಲಿಲ್ಲ. ಭೀಮಯ್ಯನನ್ನು ಕೇಳಿದಳು, ನೀವು ಚಾಲೂ ಎಂದಿರಲ್ಲ. ಅವನು ಅಂಗಿ ಹಿಂಡುತ್ತ, ಚಾಲು ಎಂದರೆ ಚಾಲಮ್ಮಾ ಎಂದ. ಹೆಂಗಸರಿಗೆ ಎರಡೂ ಭಾಷೆ ಬರುತ್ತದೆ, ಮೊದಲು ನಕ್ಕವರು ಅವರೇ. ಸಾಯಿಕುಮಾರ್ ನಗಲಿಲ್ಲ. ಇದೇ ನೆಲದಲ್ಲಿ ಹುಟ್ಟಿ, ತೆಲುಗು ಶಾಲೆಯಲ್ಲಿ ಓದಿ, ಚಾಲು ತಿಳಿಯುವುದಿಲ್ಲ ಎಂದರೆ ಯಾರು ನಂಬಬೇಕು ಎಂದ.

ಅವಳು ನನ್ನ ಕಡೆ ನೋಡಿ ಕನ್ನಡದಲ್ಲೇ ಹೇಳಿದಳು: "ತಲೀಗೆ ತೆಲುಗು ತಿಳೀತೈತಿ ಕಾಕಾ. ಈ ಕೈಗೆ ಕನ್ನಡಾನೇ ತಿಳಿಯೋದು."

ಮಧ್ಯಾಹ್ನದ ಹೊತ್ತಿಗೆ ಪೈಪಿಗೆ ಜೋಡು ಹಾಕಿ, ಆಳ ತೋಡಿ ಹೂತು, ಕೆಸರು ಬಳಿದು, ಹೊಸ ಮೊರಂ ಸುರಿದರು. ರೋಲರ್ ಬಂದು ನಿಂತಿತ್ತು. ಸಂಜೆಯೊಳಗೆ ಆ ತುಂಡು ಮುಗಿಯಲೇಬೇಕು, ಮಾರನೆಯ ದಿನ ಇಂಜಿನಿಯರ್ ಬರುವವನಿದ್ದ. ಗ್ರೇಡರಿನ ಕಾಯಂ ಆಪರೇಟರ್ ರಜೆ ಹಾಕಿ ಕರ್ನೂಲಿಗೆ ಹೋಗಿದ್ದ. ಸಾಯಿಕುಮಾರ್ ಅವಳಿಗೆ ಇಳಿ ಎಂದ. ನನ್ನ ಕಡೆ ತಿರುಗಿ, "ಪೆದ್ದಾಯನಾ, ಮೀರೇ ಎಕ್ಕಂಡಿ," ನೀವೇ ಹತ್ತಿ ಎಂದ.

ಸುಳ್ಳು ಯಾಕೆ ಹೇಳಲಿ ಪ್ರಾಣೇಶ, ನನಗೆ ಆಸೆಯಾಯಿತು. ಎಷ್ಟೋ ವರ್ಷದಿಂದ ಆ ಸೀಟು ಮುಟ್ಟಿರಲಿಲ್ಲ. ನನ್ನ ಅಂಗೈಗೂ ಇರುವೆ ಹತ್ತಿತ್ತು. ಬೆಳಗಿನಿಂದ ಪಟ್ಟ ಸಂಕಟಕ್ಕೆ ಅದೊಂದೇ ಔಷಧ ಅನ್ನಿಸಿತು. ಸೊಂಟ ಹೋದರೆ ಹೋಗಲಿ ಎಂದು ಏಣಿಯ ಮೇಲೆ ಒಂದು ಕಾಲಿಟ್ಟೆ.

ಮೇಲಿನಿಂದ ರಂಜನಿ ಬಗ್ಗಿದಳು. ದನಿ ಎತ್ತಲಿಲ್ಲ.

"ಕಾಕಾ, ನೀ ಏರಿದ್ರ ನಾ ಇಳೀತೀನಿ. ಇಳಿದ್ರ ಮತ್ತ ಯಾವತ್ತೂ ಏರಂಗಿಲ್ಲ. ನೋಡ್ಕೊ."

ಕಾಲು ತೆಗೆದೆ. ಸಾಯಿಕುಮಾರನಿಗೆ, ಮೊಣಕಾಲು ಮಡಚುತ್ತಿಲ್ಲ, ಆಗುವುದಿಲ್ಲ ಎಂದೆ. ಅವನಿಗೆ ನನ್ನ ಮೊಣಕಾಲಿನ ಮೇಲೆ ನಂಬಿಕೆ ಇರಲಿಲ್ಲ, ಆದರೆ ಬೇರೆ ದಾರಿಯೂ ಇರಲಿಲ್ಲ. ಹೋಗಮ್ಮಾ ಎಂದು ಕೈ ಬೀಸಿದ, ಪ್ರೀತಿಯಿಂದ ಅಲ್ಲ.

ಇನ್ನು ಚಾಲು ಎನ್ನಕೂಡದು ಎಂದು ಭೀಮಯ್ಯನಿಗೆ ಎಲ್ಲರೂ ಹೇಳಿದರು. ಪಾಪ, ಯೋಚಿಸಿ ಯೋಚಿಸಿ, ಸಾಕು ಎನ್ನಲು ತನಗೆ ಗೊತ್ತಿದ್ದ ಒಂದೇ ಉರ್ದು ಮಾತು ಹಿಡಿದ. ಮೊದಲ ಸಲ ಬ್ಲೇಡು ಇಳಿದಾಗ, "ಬಸ್" ಎಂದು ಕೂಗಿದ. ರಂಜನಿ ತಟ್ಟನೆ ಬ್ರೇಕ್ ಒತ್ತಿ ಹಿಂದೆ ನೋಡಿದಳು, ರಾಜೋಳಿ ಬಸ್ಸು ಬಂತೇನೋ ಎಂದು. ಅನ್ನಮ್ಮ ಕೊಡ ಕೆಳಗಿಟ್ಟು ಬಂದು ಭೀಮಯ್ಯನ ಹೆಗಲ ಮೇಲಿದ್ದ ಟವೆಲ್ ಎಳೆದು ಅವನ ಕೈಗೇ ಕೊಟ್ಟಳು. ಬಾಯಿ ಮುಚ್ಚಿಕೊಂಡು ಇದನ್ನು ಎತ್ತು ಎಂದಳು. ಅಲ್ಲಿಗೆ ಭಾಷೆಯ ಜಗಳ ಮುಗಿಯಿತು.

ಆಮೇಲೆ ನಡೆದದ್ದು ನೋಡಲು ಏನೂ ಇಲ್ಲ, ಅದೇ ಅದರ ದೊಡ್ಡಸ್ತಿಕೆ. ಮಷೀನು ನಡೆದು ಹೋಗುವವರಿಗಿಂತ ನಿಧಾನ ಹೋಯಿತು. ಟವೆಲ್ ಏಳುತ್ತದೆ, ಲಿವರ್ ಮುಟ್ಟುತ್ತಾಳೆ, ಕೈ ತೊಡೆಯ ಕೆಳಗೆ. ಹಿಂದಿನ ಗಾಲಿ ಬರುತ್ತದೆ, ಆಮೇಲೆ ಮತ್ತೆ ಲಿವರ್. ಬ್ಲೇಡಿನ ತುದಿಯಿಂದ ಮೊರಂ ದಿಂಡಾಗಿ, ತುಂಡಾಗದೆ, ಹಗ್ಗ ಬಿಟ್ಟ ಹಾಗೆ ಬೀಳುತ್ತಿತ್ತು. ನಾನು ಮಾತ್ರ ನಿಲ್ಲಲಾರದೆ ರಸ್ತೆಯುದ್ದಕ್ಕೂ ಜೊತೆಗೆ ನಡೆದೆ. ಯಾರೂ ತಡೆಯಲಿಲ್ಲ.

ಪೈಪು ಹೂತ ಜಾಗದಲ್ಲಿ ಮಣ್ಣು ಇನ್ನೂ ಮೆತ್ತಗಿತ್ತು. ಗಾಲಿ ಸ್ವಲ್ಪ ಕುಸಿಯಿತು, ಆಚೆ ಒಂದು ಸಣ್ಣ ಅಲೆ ಉಳಿಯಿತು. ಭೀಮಯ್ಯ ದಾರ ಹಿಡಿದ. ಒಂದು ಬೆರಳು ಹೆಚ್ಚು. ಸಾಯಿಕುಮಾರ್ ಕೂತು ನೋಡಿದ, ಎದ್ದು ನೋಡಿದ. ರಂಜನಿಗೂ ಅದು ಕಂಡಿತ್ತು. ಅವಳ ಬಲಗೈ ಲಿವರಿನ ಮೇಲೆ ಹೋದದ್ದು ನನಗೆ ಕಾಣಿಸಿತು. ಅದನ್ನು ಸರಿಪಡಿಸಲು ಹೋದರೆ ಆ ಮೆತ್ತನೆ ಮಣ್ಣಿನಲ್ಲಿ ಮತ್ತೊಂದು ಅಲೆ ಏಳುತ್ತದೆ, ಅದನ್ನು ಸರಿಪಡಿಸಲು ಹೋದರೆ ಇನ್ನೊಂದು. ಕತ್ತಲಾಗುವ ತನಕ ಅಲ್ಲೇ ಹೊರಳಾಡಬೇಕಾಗುತ್ತಿತ್ತು. ಕೂಗಬೇಕು ಎಂದು ಬಾಯಿ ತೆರೆದೆ. ಯಾವ ಭಾಷೆಯಲ್ಲಿ ಕೂಗುವುದೋ ತಿಳಿಯದೆ ಮುಚ್ಚಿದೆ.

ಅವಳು ಕೈ ತೆಗೆದಳು. ಬ್ಲೇಡು ಎತ್ತಿ ಮಷೀನನ್ನು ಪಕ್ಕಕ್ಕೆ ನಿಲ್ಲಿಸಿ, ಚಾವಿ ತಿರುಗಿಸಿ ಇಳಿದುಬಂದಳು. ಸಾಯಿಕುಮಾರ್ ರೋಲರಿನವನಿಗೆ ಬಾ ಎಂದು ಸನ್ನೆ ಮಾಡಿದ.

ಅಷ್ಟು ಹೊತ್ತಿಗೆ ನಲ್ಲಿಯಲ್ಲಿ ನೀರು ಬಂದಿತ್ತು. ರಂಜನಿ ಅನ್ನಮ್ಮನ ಎದುರು ನಿಂತು ಓಢಣಿಯ ದಾರ ಎಳೆಯತೊಡಗಿದಳು. ಅನ್ನಮ್ಮ ತುಂಬಿದ ಕೊಡವನ್ನು ಅವಳ ತಲೆಯ ಮೇಲೆ ಏರಿಸಿ, ಒಳಗೆ ಇಟ್ಟು ಬಾ, ಇನ್ನೂ ಇವೆ ಎಂದಳು.

ಸಾಯಿಕುಮಾರ್ ನನ್ನ ಹತ್ತಿರ ಬಂದ. ಸೋಮವಾರ ಮಕ್ತಲ್‌ಗೆ ಬರಲು ಹೇಳಿ ಎಂದ. ಅವಳಿಗೆ ನೀನೇ ಹೇಳಯ್ಯಾ ಎಂದೆ. ಮಧ್ಯಾಹ್ನ ಅವಳಿಗೆ ಇಳಿ ಎಂದವನಲ್ಲವೇ, ಮುಖ ತಿರುಗಿಸಿ ರೋಲರಿನ ಕಡೆ ನಡೆದ. ನಾನೇ ಕೂಗಿ ಹೇಳಿದೆ. ತಲೆಯ ಮೇಲೆ ಕೊಡ ಇದ್ದುದರಿಂದ ಅವಳಿಗೆ ತಿರುಗಿ ನೋಡಲು ಆಗಲಿಲ್ಲ. ನಡೆಯುತ್ತಲೇ ಕೇಳಿದಳು:

"ಯಾ ಗಾಡಿ ಕಾಕಾ, ಹಳೇದೋ ಹೊಸಾದೋ?"

ಹಳೆಯದೇ. ನಾನು ಕೆಲಸ ಬಿಡುವ ಮುಂಚಿನದು, ಎಡಗಡೆಯ ಲಿವರ್ ಸಡಿಲ, ಮುಟ್ಟಿದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಅದನ್ನು ಅವಳಿಗೆ ಹೇಳಿಲ್ಲ; ಹೇಳಿದರೆ ಆ ಕೈ ಮತ್ತೆ ತೊಡೆಯ ಕೆಳಗೆ ನಿಲ್ಲುವುದಿಲ್ಲ. ನಿನಗೆ ಮಕ್ತಲ್ ಹತ್ತಿರ, ದಾರಿಯಲ್ಲಿ ಕಂಡರೆ ಮಾತಾಡಿಸು, ಲಿವರಿನ ವಿಷಯ ಮಾತ್ರ ಎತ್ತಬೇಡ.