ಹತ್ತೊಂಬತ್ತನೆಯ ಸಲಕರಣೆ

ಲಾಭ, ಅಂದ ಸೀರೆ ನೇಯುವ ಮೈಲಾರಲಿಂಗಪ್ಪ, ಅಂಗೈ ಬರಿದು, ಅದರಲ್ಲಿ ಸೀರೆಯೇ ಇಲ್ಲ, ಆಮೇಲೆ ಕಪಾಟಿಗೆ ಕೈ ಹಾಕಿ ಒಂದು ಅಂದ, ಹಸಿರು ಸೀರೆ ಚಾಪೆಗೆ ಬಿತ್ತು, ಎರಡು, ಕೆಂಪಂಚಿನದು, ಮೂರು — ಒಳಗೆ ಮಗ್ಗಗಳು ಖಟಾಖಟಾ ಎಂದು ಒಂದರ ಮೇಲೊಂದು ಬಿದ್ದು ಜಗಳಾಡುತ್ತಿವೆ, ನೇಕಾರರ ಈ ವಡಗಾವಿಯಲ್ಲಿ ಮಾತು ಕೇಳಬೇಕಾದರೆ ತುಟಿ ನೋಡಬೇಕು, ನನಗದು ರೂಢಿ, ಗೋವಾದ ನೌಕಾನೆಲೆಯಲ್ಲಿ ಹತ್ತು ವರ್ಷದಿಂದ ವಿಮಾನದ ಎಂಜಿನ್ನುಗಳ ಪಕ್ಕ ನಿಂತವನಿಗೆ. ತುಟಿ ಲಾಭ ಅಂದದ್ದು ಖಂಡಿತ, ಕೈ ಖಾಲಿ ಇದ್ದದ್ದೂ ಖಂಡಿತ. ಅವ್ವ ಮಾತ್ರ ತಂಗಿ ಪ್ರಮಿಳಾಳ ನಿಶ್ಚಯದ ಸೀರೆ ಬಿಟ್ಟು ನನ್ನ ನೌಕರಿಯನ್ನೇ ಮಡಿಕೆ ಬಿಡಿಸಿ ಹರಡುತ್ತಿದ್ದಾಳೆ, ನಮ್ಮ ಕರೆಪ್ಪ ನೌಕಾದಳದ ವಿಮಾನದಾಗ ಅದಾನ್ರೀ, ಅದು ಓಡೂದ ಬ್ಯಾಡ, ನಿಂತಲ್ಲೇ ಏಳತೈತಿ, ನಿಂತಲ್ಲೇ ಇಳೀತೈತಿ. ಹಂಗಾರ ಇಲ್ಲಿಗೇ ತರಸ್ರೀ ಯವ್ವಾ, ಅಂದ ಮೈಲಾರಲಿಂಗಪ್ಪ, ನಮ್ಮ ಓಣ್ಯಾಗ ರಿಕ್ಷಾ ತಿರಗಾಕ ಜಾಗಾ ಇಲ್ಲ, ವಿಮಾನರ ಬರಲಿ. ಪ್ರಮಿಳಾ ಸೆರಗು ಬಾಯಿಗಿಟ್ಟು ನಕ್ಕಳು. ನಾನೂ ನಗಬೇಕಿತ್ತು, ಮಾತು ಚೆನ್ನಾಗಿಯೇ ಇತ್ತು. ಆದರೆ ಆ ಖಾಲಿ ಕೈ. ಯಾಕ್ರೀ ಮೈಲಾರಲಿಂಗಪ್ಪ, ಲಾಭ ಅಂದ್ರಿ, ಸೀರಿ ಎಲ್ಲಿ? ಲಾಭಕ್ಕ ಸೀರಿ ಯಾಕಬೇಕ್ರೀ, ಅದು ದೇವರ ಹೆಸರು ಇದ್ದಂಗ, ಮದಲ ಬಾಯಿಲೆ ಅಂತೀವಿ, ಎಣಕಿ ಆಮ್ಯಾಲ. ನಮ್ಮೂರು ಗುಂಜಿಯ ಮನೆಯಲ್ಲಿ ಹಾಗಲ್ಲ, ಭತ್ತ ಅಳೆಯುವಾಗ ಮೊದಲ ಸೇರು ಸುರಿದದ್ದೇ ಲಾಭ, ಒಂದು ಅನ್ನುವ ಬದಲು ಲಾಭ, ಮುಂದಿನದು ನೇರ ಎರಡು. ಅಪ್ಪ ಕುರಿಗಳನ್ನು ಎಣಿಸುತ್ತಿದ್ದದ್ದೂ ಹೀಗೆಯೇ. ಲೋಕವೆಲ್ಲ ಹೀಗೆಯೇ ಎಣಿಸುತ್ತದೆಂದು ನಂಬಿದ್ದೆ, ಮೂವತ್ತೊಂದು ವರ್ಷದ ತನಕ, ಈಗ ಗಡಿಯಾರದಲ್ಲಿ ಹತ್ತೂ ಐವತ್ತು.

ಹನ್ನೊಂದಕ್ಕೆ ಗೋವಾದಲ್ಲಿ ಪರೀಕ್ಷೆ. ಎಂಜಿನ್ ಬದಲಿಸಿದ ವಿಮಾನ ಹನ್ನೊಂದಕ್ಕೆ ಎದ್ದು ತೆಂಗಿನ ಮರದೆತ್ತರದಲ್ಲಿ ನಿಲ್ಲಬೇಕು, ಬರೀ ನಿಲ್ಲಬೇಕು, ಕಾಲು ಇಳಿಬಿಟ್ಟುಕೊಂಡು, ಬಾವಿಕಟ್ಟೆಯ ಮೇಲೆ ಕೂತ ಮುದುಕನ ಹಾಗೆ. ರೆಕ್ಕೆಗೆ ಆಗ ಕೆಲಸವಿಲ್ಲ, ಎತ್ತಿ ಹಿಡಿದಿರುವುದು ಎಂಜಿನ್ನಿನ ಉಸಿರೊಂದೇ, ಉಸಿರು ನಿಂತರೆ ಕಲ್ಲು. ಆ ಎಂಜಿನ್ ಕೂರಿಸಿದವರು ನಾನು ಮತ್ತು ತಾಲಿಬ, ಖಾನಾಪುರ ಪೇಟೆಯ ಅಕ್ಕಿ ವ್ಯಾಪಾರಿ ಗೌಸಸಾಬನ ಮಗ, ಇಡೀ ಷೆಡ್ಡಿನಲ್ಲಿ ಕನ್ನಡದವರು ನಾವಿಬ್ಬರೇ, ಆದ್ದರಿಂದ ಕೆಲಸ ಮುಗಿದ ಮೇಲೆ ಸಲಕರಣೆಗಳನ್ನು ಚೀಲಕ್ಕೆ ಎಣಿಸಿ ಹಾಕುವುದು ಕನ್ನಡದಲ್ಲಿ, ಲಾಭ ಎಂದು ಶುರು, ಜೊತೆಯ ಸರ್ದಾರ್ಜಿ ಅದನ್ನು ಮಂತ್ರವೆಂದೇ ತಿಳಿದು ಕೈ ಮುಗಿಯುತ್ತಾನೆ. ಚೀಲದ ಮೇಲೆ ಹತ್ತೊಂಬತ್ತು ಎಂದು ಬರೆದಿದೆ. ಹತ್ತೊಂಬತ್ತಾಗದೆ ವಿಮಾನ ಕದಲುವುದಿಲ್ಲ, ಹತ್ತೊಂಬತ್ತಾಗದೆ ನಾನು ರುಜು ಹಾಕುವುದಿಲ್ಲ. ದಿನಾ ಎಣಿಸುವವನು ಒಬ್ಬನೇ, ತಾಲಿಬನಾದರೆ ತಾಲಿಬನೇ, ನಾನಾದರೆ ನಾನೇ. ನಿನ್ನೆ ನನಗೆ ರೈಲಿನ ಅವಸರ. ತಾಲಿಬ ಲಾಭ ಅಂದ. ಸರಿಯಪ್ಪಾ ಸರಿ, ಕೊಡಿಲ್ಲಿ, ನಾ ಹಾಕತೇನಿ, ಅಂತ ಚೀಲ ಕಿತ್ತುಕೊಂಡು ಮುಂದಿನದಕ್ಕೆ ಎರಡು ಅಂದವನು ನಾನು. ಹತ್ತೊಂಬತ್ತಕ್ಕೆ ಮುಗಿಯಿತು. ರುಜು ಹಾಕಿದೆ. ಅಕ್ಕಿ ವ್ಯಾಪಾರಿಯ ಮನೆಯಲ್ಲಿ ಲಾಭ ಅನ್ನುವಾಗ ಸೇರು ತುಂಬಿರುತ್ತದೆಯೋ ಖಾಲಿಯೋ? ಖಾಲಿಯಾದರೆ ಚೀಲದಲ್ಲಿರುವುದು ಹದಿನೆಂಟೇ. ಹತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡರೂ ಇದನ್ನು ಕೇಳಿರಲಿಲ್ಲ.

ತಾಲಿಬನ ಕೈಯಲ್ಲಿ ಏನಿತ್ತು — ನಟ್ಟು ತಿರುಗಿಸುವ ಪಾನಾ ಚೀಲಕ್ಕೆ ಬಿದ್ದ ಸದ್ದು ಇದೆ ತಲೆಯಲ್ಲಿ, ಇಕ್ಕಳ ಇದೆ, ಬ್ಯಾಟರಿ ಇದೆ, ಕನ್ನಡಿ? ಹಲ್ಲಿನ ಡಾಕ್ಟರ ಹತ್ತಿರ ಇರುತ್ತದಲ್ಲ, ಉದ್ದ ಕಡ್ಡಿಯ ತುದಿಗೆ ರೂಪಾಯಿಯಷ್ಟು ಕನ್ನಡಿ, ಎಂಜಿನ್ನಿನ ಸಂದಿ ನೋಡಲಿಕ್ಕೆ, ನಿನ್ನೆ ಅದರಲ್ಲಿ ನಾನು ನೋಡಿಕೊಂಡದ್ದು ಮೀಸೆ, ತಂಗಿಯ ನಿಶ್ಚಯಕ್ಕೆ ಕತ್ತರಿಸಬೇಕೋ ಬೇಡವೋ ಎಂದು, ವಿಮಾನದ ಗಾಳಿಬಾಯಿಯ ಒಳಗೆ ಕೂತು, ಎಂಜಿನ್ ಉಸಿರೆಳೆಯುವುದೇ ಅಲ್ಲಿಂದ, ಆಮೇಲೆ ಅದನ್ನು ಅಲ್ಲೇ ಅಂಚಿಗೆ — ಚೀಲಕ್ಕೆ ಬಿದ್ದ ಸದ್ದು ಇಲ್ಲ. ಇಲ್ಲವೆಂದರೆ ಬಿದ್ದಿಲ್ಲವೆಂದಲ್ಲ. ಫೋನು ಮಾಡಿ ಹೇಳಿದೆ ಅಂದುಕೊಳ್ಳೋಣ, ವಿಮಾನ ನಿಲ್ಲಿಸುತ್ತಾರೆ, ಗಾಳಿಬಾಯಲ್ಲಿ ಕಾಣದಿದ್ದರೆ ಎಂಜಿನ್ ತೆಗೆಯಬೇಕು, ಈ ಜಾತಿಯ ವಿಮಾನದಲ್ಲಿ ಎಂಜಿನ್ ತೆಗೆಯಬೇಕಾದರೆ ಇಡೀ ರೆಕ್ಕೆಯನ್ನೇ ಎತ್ತಬೇಕು, ಹದಿನೈದು ದಿನ, ವಿಚಾರಣೆ, ಎಣಿಸಿದ್ದು ಯಾವ ಭಾಷೆಯಲ್ಲಿ, ಲಾಭ ಅಂದರೇನು, ತಾಲಿಬನ ಬಡ್ತಿ ಹೋಯಿತು, ನನ್ನ ನೌಕರಿ ಹೋಯಿತು, ಕನ್ನಡಿ ಚೀಲದಲ್ಲೇ ಸಿಕ್ಕರೆ ಮರ್ಯಾದೆಯೂ ಹೋಯಿತು. ಸುಮ್ಮನಿದ್ದರೆ — ಗಾಳಿಯಲ್ಲಿ ನಿಂತ ವಿಮಾನ, ಕಾಲು ಇಳಿಬಿಟ್ಟು, ಒಳಗೆ ಪೈಲಟ್ ಸಾಹೇಬರು, ನಿನ್ನೆ ಸಂಜೆ ರಜೆಯ ಚೀಟಿಗೆ ರುಜು ಹಾಕುತ್ತ ಬರುವಾಗ ಒಂದು ಡಬ್ಬಿ ಕುಂದಾ ತಾರಪ್ಪಾ ಅಂದವರು. ಎಲ್ಲಿಗ್ಯೋ? ಅವ್ವ, ನಾನು ಎದ್ದದ್ದು ನೋಡಿ. ಫೋನ್ ಮಾಡಿ ಬರ್ತೇನಿ. ಸೀರಿ ನೋಡಾಕ ಬಂದು ಫೋನ್ ಯಾವದಲೇ, ಇವನ ನಿಶ್ಚಯಕ್ಕ ಹುಡಿಗೀನೂ ಫೋನಿನ್ಯಾಗ ನೋಡ್ತಾನೇನ ಅಂತೀನಿ. ಮೆಟ್ಟಿಲು, ಗಟಾರ, ಹಳದಿ ಬೋರ್ಡಿನ ಎಸ್‌ಟಿಡಿ ಬೂತು, ಒಳಗೊಬ್ಬ ನಾಲ್ಕು ಮೀಟರ್ ಅಂದರೆ ನಾಲ್ಕೇ ಮೀಟರ್ ಎಂದು ಫೋನಿನಲ್ಲಿ ಯಾರಿಗೋ ಬಟ್ಟೆಯ ಅಳತೆ ಹೇಳುತ್ತಿದ್ದಾನೆ, ಅಣ್ಣಾ ಅರ್ಜಂಟ್ ಐತ್ರಿ, ಎಲ್ಲಾರಿಗೂ ಅರ್ಜಂಟ ಇರತೈತಿ, ರಿಸೀವರ್ ಅವನ ಕೈಯಿಂದ ಕಿತ್ತೆನೆಂದು ಕಾಣುತ್ತದೆ, ಬೈಯುತ್ತಿದ್ದಾನೆ, ತುಟಿ ಮಾತ್ರ ನೋಡುತ್ತೇನೆ, ಆ ಕಡೆ ಷೆಡ್ಡಿನಲ್ಲಿ ಗಂಟೆ ಬಾರಿಸುತ್ತಿದೆ, ಬಾರಿಸುತ್ತಿದೆ. ನಾನೋ, ಕರೆಪ್ಪ. ಬೋಲ್ ರೇ ಕರೆಪ್ಪಾ, ಸೀರಿ ಸಿಕ್ತೇನೋ? ತಾಲಿಬ, ನಿನ್ನೆ ಲಾಭ ಅಂದಾಗ ನಿನ್ನ ಕೈಯಾಗ ಏನಿತ್ತು? ಲಾಭಕ್ಕ ಕೈಯಾಗ ಏನಿರತೈತೋ ಹುಚ್ಚಾ, ಬರೇ ಕೈ. ನಾ ಮುಂದ ಎರಡು ಅಂದ್ನಿ. ನಕ್ಕ, ಅರ್ಧ ನಗು, ಉಳಿದರ್ಧ ಬರಲಿಲ್ಲ. ಕರೆಪ್ಪಾ, ಹನ್ನೊಂದು ಆತು, ವಿಮಾನ ಆಗಲೇ ಮ್ಯಾಲ ಐತಿ. ರಿಸೀವರ್ ಮೇಜಿಗೆ ಬಡಿದ ಸದ್ದು, ಬೂಟುಗಳು ಓಡಿದವು, ಬಾಗಿಲು ತೆರೆದೇ ಬಿಟ್ಟನೇನೋ, ಎಂಜಿನ್ನಿನ ಗರ್ಜನೆ ಇಡಿಯಾಗಿ ಕಿವಿಗೆ ಬಂತು. ಇಳಿ ಎಂದು ಹೇಳುತ್ತಾರೆ, ಇಳಿಯಬೇಕಾದದ್ದೂ ಅದೇ ಎಂಜಿನ್ನಿನ ಮೇಲೆ. ಇಳಿಯುವಾಗ ಸದ್ದು ಬದಲಾಗುತ್ತದೆ, ನನಗೆ ಗೊತ್ತು, ಹತ್ತು ವರ್ಷ ಕೇಳಿದ್ದೇನೆ. ಬದಲಾಗಿಲ್ಲ. ತೆಂಗಿನ ಮರದೆತ್ತರ, ಕಾಲು ಇಳಿಬಿಟ್ಟು, ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ನಿಂತಿದೆ, ಅದೇ ಸದ್ದು, ನಿಂತಿದೆ, ಇನ್ನೂ ನಿಂತಿದೆ —